ಕಾರಿನ ಶೆಡ್ಡಿನಲ್ಲಿ ಬಾಣಂತನ

ನಮ್ಮ ಮನೆಯಲ್ಲಿ ಕಾರಿಗೆ ತಾರಸಿ, ನಮಗೆ ಹೆಂಚು. ಅದನ್ನು ನೆನೆದರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಪಾಂಡವಪುರದ ಅಂಚಿನಲ್ಲಿ, ಕಬ್ಬಿನ ಗದ್ದೆ ಶುರುವಾಗುವ ಕಡೆ ಇತ್ತು ಮನೆ. ಒಂದು ಅಡಿಗೆಮನೆ, ಒಂದು ನಡುಮನೆ, ಮುಂದೆ ಮೊಳದಗಲದ ಜಗಲಿ. ಊಟ ನಡುಮನೆಯಲ್ಲಿ, ಓದು ನಡುಮನೆಯಲ್ಲಿ, ಜಗಳವೂ ಅಲ್ಲೇ. ಜಗಳ ಮುಗಿದ ಮೇಲೆ ಎಲ್ಲರೂ ಅದೇ ನಡುಮನೆಯಲ್ಲಿ ಸಾಲಾಗಿ ಮಲಗಬೇಕು. ಮುನಿಸಿಕೊಂಡು ಹೋಗಿ ಬಾಗಿಲು ಹಾಕಿಕೊಳ್ಳೋಣವೆಂದರೆ ಇನ್ನೊಂದು ಕೋಣೆಯೇ ಇರಲಿಲ್ಲ. ಹೆಂಚಿನ ಸಂದಿಯಿಂದ ಮಳೆಗಾಲದಲ್ಲಿ ಹನಿ ಬೀಳುತ್ತಿತ್ತು, ಮಾಗಿಯಲ್ಲಿ ಚಳಿ ಬೀಳುತ್ತಿತ್ತು. ಪಕ್ಕದಲ್ಲೇ ಅಪ್ಪನ ಹಳೇ ಡೀಸೆಲ್ ಕಾರು ಮಾತ್ರ ಇಟ್ಟಿಗೆ ಗೋಡೆ, ಗಾರೆ ನೆಲ, ತಾರಸಿ ಮಾಡಿನ ಶೆಡ್ಡಿನಲ್ಲಿ ಮಹಾರಾಜನ ಹಾಗೆ ನಿಂತಿರುತ್ತಿತ್ತು. ಅಪ್ಪನನ್ನು ಕೇಳಿದರೆ, ಅನ್ನ ಹಾಕುವುದು ಅದು, ನೀವಲ್ಲ ಅನ್ನುತ್ತಿದ್ದ. ಬಾಡಿಗೆ ಕಾರು ಓಡಿಸಿಯೇ ಅವನು ನಮ್ಮನ್ನು ಸಾಕುತ್ತಿದ್ದುದರಿಂದ ನಾವು ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು.

ಅಪ್ಪ ಹುಟ್ಟಿದ್ದು ಮರಗೆಲಸದ ಆಚಾರರ ಮನೆಯಲ್ಲಿ. ತಾತ ಸಾಯುವ ತನಕ ಅವನ ಕೈಯಲ್ಲಿ ಉಳಿ ಹಿಡಿಸಲು ನೋಡಿದ, ಆಗಲಿಲ್ಲ. ಒಂದು ಕಡೆ ಕೂರುವ ಕೆಲಸವೇ ಅಪ್ಪನಿಗೆ ಒಗ್ಗದು. ಉಣ್ಣುವಾಗಲೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತಿತ್ತು. ಅವ್ವನೂ ಅದೇ ಕಸುಬಿನವರ ಮಗಳು. ಅವಳ ತವರು ಚಿನಕುರಳಿ. ಅಲ್ಲಿ ಅವಳ ಅಣ್ಣ, ನಮ್ಮ ನಂಜುಂಡ ಮಾವ, ಕಲ್ಲುಕೋರೆಯ ಧೂಳಿನ ನಡುವೆಯೇ ಬಾಗಿಲು, ಮಂಚ, ನೇಗಿಲು ಮಾಡಿಕೊಂಡಿದ್ದ. ಮಾತು ಬಲು ಕಮ್ಮಿ. ಅವನ ಬಾಯಿಂದ ಒಂದು ಮಾತು ಬೀಳುವಷ್ಟರಲ್ಲಿ ಅಪ್ಪ ಮೈಸೂರಿಗೆ ಹೋಗಿ ಬಂದುಬಿಡುತ್ತಿದ್ದ. ಶೆಡ್ಡಿಗೆ ಕಾರು ಹಿಡಿಸುವಷ್ಟು ಅಗಲದ ಎರಡು ಕದ ಮಾಡಿಕೊಟ್ಟವನು ಈ ಮಾವನೇ. ಬೇವಿನ ಹಲಗೆ, ಎದೆ ಮಟ್ಟಕ್ಕೆ ಅಡ್ಡಪಟ್ಟಿ, ಉದ್ದನೆ ಅಗುಳಿ. ಮನೆಗೆ ಯಾರೇ ಬರಲಿ, ಅವ್ವ ಮೊದಲು ನೀರು ಕೊಡುವಳು, ಆಮೇಲೆ ಶೆಡ್ಡಿನ ಬಾಗಿಲು ತೋರಿಸುವಳು. ನಮ್ಮಣ್ಣ ಮಾಡಿದ್ದು ಅನ್ನುವಾಗ ಅವಳ ಮುಖ ನೋಡಬೇಕಿತ್ತು.

ಆ ವರ್ಷ ಮಳೆ ಹಿಡಿದು ಬಿಡಲಿಲ್ಲ. ಬೇವಿನ ಹಲಗೆ ನೀರು ಕುಡಿದು ಉಬ್ಬಿ, ಎರಡು ಕದ ಒಂದಕ್ಕೊಂದು ಕಚ್ಚಿಕೊಂಡವು. ಬೆಳಿಗ್ಗೆ ತೆಗೆಯಲು ನಾನು, ಅವ್ವ ಇಬ್ಬರೂ ಒಂದು ಕದಕ್ಕೆ ಜೋತುಬಿದ್ದು ಎಳೆಯಬೇಕು. ಅಪ್ಪ ಇನ್ನೊಂದಕ್ಕೆ ಕಾಲು ಕೊಟ್ಟು ಜಗ್ಗಬೇಕು. ಬಾಡಿಗೆಯವರು ಕಾದು ಕಾದು ಬೇರೆ ಕಾರು ಹಿಡಿದು ಹೋದದ್ದೂ ಉಂಟು. ಅಪ್ಪ ಚಿನಕುರಳಿಗೆ ಹೇಳಿ ಕಳಿಸಿದ. ಮಾವನಿಂದ ಬಂದ ಉತ್ತರ ಇಷ್ಟೇ:

“ದೀಪಾವಳಿ ಗಂಟ ತಡ್ಕೊಳಕ್ಕೆ ಯೋಳು. ಚಳಿ ಬಿದ್ಮೇಕೆ ತಾನೇ ಸರಿ ಓಯ್ತದೆ. ಕೈ ಇಕ್ಬ್ಯಾಡ ಅನ್ನು.”

ತಡೆದುಕೊಳ್ಳುವುದು ಅಪ್ಪನ ಜಾತಕದಲ್ಲೇ ಇರಲಿಲ್ಲ. ಒಂದು ಮಧ್ಯಾಹ್ನ ಅಟ್ಟ ಹತ್ತಿ ತಾತನ ಪೆಟ್ಟಿಗೆ ಇಳಿಸಿದ, ಉಜ್ಜುಗೊರಡು ತೆಗೆದ, ಕದಗಳ ಅಂಚನ್ನು ಸರಸರ ಉಜ್ಜಿಬಿಟ್ಟ. ಅವ್ವ ಬೇಡ ಬೇಡ ಅನ್ನುತ್ತಲೇ ಇದ್ದಳು. ಹೊಟ್ಟು ಸುರುಳಿ ಸುರುಳಿಯಾಗಿ ಅಂಗಳದ ತುಂಬಾ ಬಿತ್ತು. ಕೊನೆಗೆ ಒಂದು ಬೆರಳಲ್ಲಿ ತಳ್ಳಿ ತೋರಿಸಿದ. ಕದ ಹೋಗಿ ಮೆತ್ತಗೆ ಮುಚ್ಚಿಕೊಂಡಿತು. “ನಾನೂ ಆಚಾರ್ರ ಮಗನೇ ಕಣೇ!” ಎಂದು ಎದೆ ತಟ್ಟಿಕೊಂಡ. ಆ ದಿನವೆಲ್ಲಾ ಬೀದಿಯಲ್ಲಿ ಹೋಗುವವರನ್ನೆಲ್ಲಾ ಕರೆದು ತಳ್ಳಿಸಿದ.

ಗೌರಿ ಹಬ್ಬಕ್ಕೆ ಮಾವ ಬಾಗಿನ ತಂದ. ಜಗಲಿಯಲ್ಲಿ ಕೂತು ಕಾಫಿ ಲೋಟ ಕೈಗೆ ತೆಗೆದುಕೊಂಡವನು ಶೆಡ್ಡಿನ ಕಡೆ ನೋಡಿದ. ಲೋಟ ಕೆಳಗಿಟ್ಟು ಎದ್ದು ಹೋದ. ಕದದ ಅಂಚಿನ ಮೇಲೆ ಹೆಬ್ಬೆರಳು ಇಟ್ಟು ಮೇಲಿಂದ ಕೆಳಗೆ ಎಳೆದ. ನಮ್ಮ ಕಸುಬಿನವರಲ್ಲಿ ಒಂದು ಕಟ್ಟು ಇದೆ. ಒಬ್ಬ ಮಾಡಿದ ಕೆಲಸದ ಮೇಲೆ ಇನ್ನೊಬ್ಬ ಉಜ್ಜುಗೊರಡು ಇಡಬೇಕಾದರೆ ಅವನನ್ನು ಕೇಳಬೇಕು. ಕೇಳದೆ ಇಡುವುದು ಸತ್ತವರ ಕೆಲಸಕ್ಕೆ ಮಾತ್ರ. ಅಪ್ಪನಿಗೆ ಇದು ಗೊತ್ತಿರಲಿಲ್ಲ ಅಂತ ಹೇಳುವ ಹಾಗೇ ಇಲ್ಲ, ತಾತನ ಕೈಯಲ್ಲಿ ಬೈಸಿಕೊಂಡು ಬೆಳೆದವನು. ಮಾವ ವಾಪಸು ಬಂದು ಚಪ್ಪಲಿ ಮೆಟ್ಟಿಕೊಂಡ.

“ನಾನಿನ್ನೂ ಬದ್ಕಿವ್ನಿ ಬಾವ” ಅಂದ.

“ಅಯ್ಯೋ, ಅದೇನ್ ದೇವಸ್ಥಾನದ್ ಬಾಗ್ಲಾ ಬಾವ? ಕಾರ್ ಶೆಡ್ಡಿಂದು!” ಅಂತ ಅಪ್ಪ ನಕ್ಕ.

ಮಾವ ನಗಲಿಲ್ಲ. ಬಾಗಿನವನ್ನು ಅವ್ವನ ಕೈಗೆ ಕೊಟ್ಟು, ತಲೆ ಮುಟ್ಟಿ ಹೋದವನು ಆಮೇಲೆ ಬರಲೇ ಇಲ್ಲ. ದೀಪಾವಳಿಗೂ ಬರಲಿಲ್ಲ. ಅವ್ವ ಅದಕ್ಕಾಗಿ ಅಪ್ಪನ ಜೊತೆ ಜಗಳವಾಡಲಿಲ್ಲ, ಅದೇ ನಮಗೆ ಹೆದರಿಕೆಯಾದದ್ದು. ಮುದ್ದೆಯನ್ನು ತಟ್ಟೆಗೆ ಇಡುವ ಬದಲು ಎತ್ತಿ ಹಾಕುತ್ತಿದ್ದಳು, ಅಷ್ಟೇ. ಅತ್ತ ಚಳಿ ಬಿತ್ತು. ಹಲಗೆ ಒಣಗಿ ತನ್ನ ಅಳತೆಗೆ ವಾಪಸು ಬಂತು. ಅಪ್ಪ ಉಜ್ಜಿದ್ದು ಮಾತ್ರ ವಾಪಸು ಬರಲಿಲ್ಲ. ಕಾರ್ತಿಕ ಮುಗಿಯುವ ಹೊತ್ತಿಗೆ ಎರಡು ಕದದ ನಡುವೆ ನನ್ನ ಕೈ ತೂರುವಷ್ಟು ಸಂದು ಬಿಟ್ಟಿತ್ತು. ಅದೂ ನೆಟ್ಟಗಿಲ್ಲ. ಒಂದು ಕಡೆ ಅಗಲ, ಒಂದು ಕಡೆ ಸಪುರ. ಕಾರಿಗೇನು, ಚಳಿಯಾದರೆ ಕೆಮ್ಮಿಕೊಂಡು ನಿಲ್ಲುತ್ತದೆ ಎಂದು ಅಪ್ಪ ಸುಮ್ಮನಿದ್ದ.

ಸುಮ್ಮನಿರುವಂತೆ ಇರಲಿಲ್ಲ. ನಮ್ಮ ಗಿರಿಜಕ್ಕನನ್ನು ಹಿಂದಿನ ವರ್ಷ ನಾಗಮಂಗಲದ ಅಕ್ಕಸಾಲಿಗರ ಮನೆಗೆ ಕೊಟ್ಟಿದ್ದೆವು. ಧನುರ್ಮಾಸಕ್ಕೆ ಅವಳಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಎಲ್ಲಿ? ನಡುಮನೆಯ ಹೆಂಚಿನಡಿ ಮಲಗಿಸಿದರೆ ಚಳಿ ನೇರ ತಲೆಯ ಮೇಲೇ ಬೀಳುತ್ತದೆ. ಅಡಿಗೆಮನೆಯಲ್ಲಿ ಹೊಗೆ. ಅವ್ವ ಅತ್ತಿತ್ತ ಓಡಾಡಿ, ಗೋಡೆಗಳಿಗೆಲ್ಲಾ ಅಂಗೈ ಇಟ್ಟು ನೋಡಿ, ಕೊನೆಗೆ ಶೆಡ್ಡಿನ ನಡುವೆ ನಿಂತು ಸೊಂಟದ ಮೇಲೆ ಕೈ ಇಟ್ಟಳು.

“ಕಾರು ಆಚೆ ಓಗ್ಲಿ, ನನ್ ಮಗ್ಳು ಒಳಕ್ಕೆ ಬರ್ಲಿ” ಅಂದಳು.

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವ್ವನ ಮುಖ ನೋಡಿ ಮುಚ್ಚಿಕೊಂಡ. ಕಾರು ಹೊಂಗೆ ಮರದ ಕೆಳಗೆ ಹೋಯಿತು. ನೆಲಕ್ಕೆ ಬಿದ್ದ ಎಣ್ಣೆ ಕಲೆಯನ್ನು ನಾನೂ ಅವ್ವನೂ ಬೂದಿ ಹಾಕಿ ಉಜ್ಜಿದೆವು. ಎರಡು ದಿನ ಸಾಂಬ್ರಾಣಿ ಹಾಕಿದರೂ ಡೀಸೆಲ್ ವಾಸನೆ ಹೋಗಲಿಲ್ಲ.

ಆಗ ಬಂದರು ನೋಡಿ, ಅಕ್ಕನ ಅತ್ತೆ. ಅಕ್ಕನನ್ನು ಹೆರಿಗೆಗೆ ಬಿಡಲು ಬಂದವರು. ಒಳ್ಳೆಯ ಎತ್ತರದ ಹೆಂಗಸು, ಕೊರಳಲ್ಲಿ ಎರಡೆಳೆ ಸರ. ಕಾರಿನ ಶೆಡ್ಡು ಅಂದ ಕೂಡಲೇ ಅವರ ಹುಬ್ಬು ಮೇಲೆ ಹೋಯಿತು. ಒಳಗೆ ಹೋಗಿ ಗೋಡೆ ನೋಡಿದರು, ನೆಲ ತುಳಿದು ನೋಡಿದರು, ಆಮೇಲೆ ಬಾಗಿಲು ಮುಚ್ಚಿಸಿ ಸಂದಿಗೆ ತಮ್ಮ ಸೆರಗು ಹಿಡಿದರು. ಸೆರಗು ಪಟಪಟ ಹಾರಿತು. ನನಗೆ ಅವರನ್ನು ಅಲ್ಲೇ ನೂಕಬೇಕು ಅನ್ನಿಸಿತು.

“ನೋಡಿ ಬೀಗ್ರೇ, ತೆಪ್ಪು ತಿಳ್ಕೋಬ್ಯಾಡಿ” ಅಂದರು. “ನನ್ ತಂಗೀಗೆ ಬಾಣಂತಿ ಸನ್ನಿ ಆಗಿ ಕಣ್ಮುಂದೇನೆ ಓಗ್ಬುಟ್ಲು. ಇಂಥ ಚಳೀಲೇ. ಈ ಬಾಗ್ಲು ಇಂಗೇ ಇದ್ರೆ ಆಸ್ಪತ್ರೆಯಿಂದ ನೆಟ್ಗೆ ನಾಗಮಂಗ್ಲಕ್ಕೇ ಕರ್ಕೊಂಡೋಯ್ತೀನಿ. ಆಮೇಕೆ ನನ್ನ ಅನ್ಬ್ಯಾಡಿ.”

ತಂಗಿಯ ವಿಷಯ ಬಂದಾಗ ಅವರ ದನಿ ನಡುಗಿತು. ಅವ್ವ ಅದನ್ನು ಗಮನಿಸಿದಳು, ಎದುರಾಡಲಿಲ್ಲ. ಆದರೆ ಅವರ ಬಸ್ಸು ಹೊರಟ ಕೂಡಲೇ ಸೆರಗು ಬಿಗಿದಳು. ಮೊದಲ ಮಗಳ ಮೊದಲ ಬಾಣಂತನ ಬೀಗರ ಮನೆಯಲ್ಲಾದರೆ ಹೆತ್ತವಳು ಯಾವ ಮುಖ ಇಟ್ಟುಕೊಂಡು ನಾಲ್ಕು ಜನರ ಮುಂದೆ ಓಡಾಡಬೇಕು? ಅದು ಒಂದು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಆ ಮಗುವಿಗೆ ತನ್ನ ಕೈಯಾರೆ ನೀರು ಹಾಕಬೇಕಿತ್ತು. ಎಣ್ಣೆ, ಸೀಗೆಪುಡಿ, ಬಜೆ ಎಲ್ಲಾ ಆಗಲೇ ಡಬ್ಬಿ ಸೇರಿದ್ದವು. ಹೊಸ ಬಟ್ಟೆ ಮಗುವಿನ ಮೈಗೆ ಒರಟು ಎಂದು ತನ್ನ ಹಳೇ ಸೀರೆಗಳನ್ನು ಹರಿದು, ಒಗೆದು, ಮಡಿಚಿ ಇಟ್ಟಿದ್ದಳು. ಆ ಮಡಿಕೆಗಳನ್ನು ದಿನಕ್ಕೆಷ್ಟು ಸಲ ಬಿಚ್ಚಿ ಮತ್ತೆ ಮಡಿಚುತ್ತಿದ್ದಳೋ.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ಕೂರಲಿಲ್ಲ. ಅಪ್ಪ ಬೆಳಗಿನ ಜಾವ ಮೇಲುಕೋಟೆಗೆ ಧನುರ್ಮಾಸದ ಪೂಜೆಗೆ ಹೋಗುವವರನ್ನು ಬಿಟ್ಟು ಬಂದು, ತಿಂಡಿಯೂ ತಿನ್ನದೆ ಬಾಗಿಲಿಗೆ ಬೀಳುತ್ತಿದ್ದ. ಬಾವನ ಸಹಾಯ ಬೇಕಿಲ್ಲ ಅಂತ ತೋರಿಸುವ ಹಟ. ಮೊದಲು ಮೈದಾ ಅಂಟು ಕಾಯಿಸಿ ಹಳೇ ಪೇಪರು ಮೆತ್ತಿದ. ಪಕ್ಕದ ಮನೆಯ ಕರು ಬಂದು ಅಂಟಿನ ಆಸೆಗೆ ಪೇಪರನ್ನೆಲ್ಲಾ ನೆಕ್ಕಿ ತಿಂದು ಹೋಯಿತು. ಅಡ್ಡಲಾಗಿ ಒಂದು ರೀಪು ಹೊಡೆದ. ಒಣಗಿದ ಹಲಗೆ ಮೊಳೆ ಬಿದ್ದ ಕಡೆ ಸೀಳಿ ಇನ್ನೊಂದು ಸಂದು ಬಾಯಿ ಬಿಟ್ಟಿತು. ಪಂಕ್ಚರ್ ಅಂಗಡಿಯಿಂದ ಲಾರಿ ಟ್ಯೂಬು ತಂದು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಾಗಿಲ ಕೆಳಗೆ ಹೊಡೆದ. ಅದೊಂದು ಚೆನ್ನಾಗಿಯೇ ಆಯಿತು, ಕೆಳಗಿನ ಗಾಳಿ ನಿಂತಿತು. ಆದರೆ ಬಾಗಿಲು ತೆಗೆದಾಗಲೆಲ್ಲಾ ರಬ್ಬರು ನೆಲಕ್ಕೆ ಉಜ್ಜಿ ಕಿವಿ ಕೀಳುವ ಸದ್ದು. ಕೂಸು ಬೆಚ್ಚಿ ಬೀಳುತ್ತದೆ ಎಂದು ಅವ್ವ ಕಿರುಚಿದಳು. ಕೊನೆಗೆ ಅಪ್ಪ ತನ್ನ ಕಾರಿನ ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗನ್ನೇ ಎಳೆದು ತಂದು ನಡುವಿನ ಸಂದಿಗೆ ತುರುಕಿದ. ಅವನು ಕಾರಿನಿಂದ ಏನನ್ನಾದರೂ ಕಿತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಲುಕೋಟೆಯ ಬೆಟ್ಟ ಹತ್ತುವಾಗ ಕಾರೊಳಗೆ ಚಳಿಗಾಳಿ ನುಗ್ಗಿ, ಹಿಂದೆ ಕೂತಿದ್ದ ಅಜ್ಜಿಯೊಬ್ಬರು ದೇವರನ್ನು ಬಿಟ್ಟು ಅಪ್ಪನನ್ನೇ ಸ್ಮರಿಸಿದರಂತೆ.

ಇಷ್ಟರ ನಡುವೆ ನನಗೊಂದು ಕೆಲಸ. ನಾನು ಬಾಣಂತಿ. ಹನ್ನೆರಡು ವರ್ಷದ ಹುಡುಗಿ ನನ್ನ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಶೆಡ್ಡಿನಲ್ಲಿ ಹಾಸಿದ ಚಾಪೆಯ ಮೇಲೆ ಅವ್ವ ಮಲಗಿಸುವಳು. ನಿಜವಾದ ಬಸುರಿ ಗಿರಿಜಕ್ಕ ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುವಳು.

“ಗಾಳಿ ಎಲ್ ಬತ್ತದೆ ಯೋಳು, ಕಮ್ಲಿ?”

“ಕಾಲ್ತಾವ ಬತ್ತದೆ.”

“ಈಗ?”

“ಈಗ ಕುತ್ಗೆ ತಾವ.”

“ಸರ್ಯಾಗ್ ಯೋಳೇ, ನಿದ್ದೆ ಮಾಡ್ಬ್ಯಾಡ!”

ಮುಸ್ಸಂಜೆಯಲ್ಲಿ ಅವ್ವ ಎಣ್ಣೆ ದೀಪ ಹಚ್ಚಿ ಬಾಗಿಲ ಉದ್ದಕ್ಕೂ ಮೇಲೆ ಕೆಳಗೆ ಹಿಡಿಯುವಳು. ದೀಪ ಒಳಗಡೆಗೆ ಬಗ್ಗುವುದು. ಒಂದು ಕಡೆ ನೆಟ್ಟಗಾದರೆ ಇನ್ನೊಂದು ಕಡೆ ಬಗ್ಗುವುದು. ಒಮ್ಮೊಮ್ಮೆ ಆರಿಯೇ ಹೋಗುವುದು. ದೀಪ ಆರಿದಾಗ ಅವಳು ಬಯ್ಯುತ್ತಿರಲಿಲ್ಲ, ಕತ್ತಲಲ್ಲೇ ಒಂದು ಗಳಿಗೆ ನಿಂತು ಬಿಡುತ್ತಿದ್ದಳು. ನಾನು ಚಾಪೆಯ ಮೇಲಿಂದ ಅವಳ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ನನಗೆ ಅಳು ಬರುತ್ತಿತ್ತು.

ಗಿರಿಜಕ್ಕನಿಗೆ ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಅವಳ ಅತ್ತೆ ಬಂದು ಆಸ್ಪತ್ರೆಯಲ್ಲೇ ಒಂದು ದಿನ ಇದ್ದು ಮಗು ನೋಡಿ ಹೋದರು. ಮನೆಗೆ ಕಳಿಸುವ ಹಿಂದಿನ ದಿನ ಮತ್ತೆ ಬರುತ್ತೇನೆ, ಬಾಗಿಲು ನೋಡುತ್ತೇನೆ ಅಂದಿದ್ದರು. ಅವರು ಬರುವುದಕ್ಕೆ ಒಂದು ದಿನ ಮೊದಲು, ಮಧ್ಯಾಹ್ನ ಅವರೆಕಾಳಿನ ಸಾರು ಬಡಿಸುತ್ತಾ ಬಡಿಸುತ್ತಾ ಅವ್ವ ಸೌಟನ್ನು ಪಾತ್ರೆಗೆ ಎಸೆದಳು.

“ನೀವೇ ಉಜ್ಜಿದ್ದು, ನೀವೇ ಓಗಿ ನಮ್ಮಣ್ಣನ್ನ ಕರೀಬೇಕು. ಈಗ್ಲೇ ಓಗಿ.”

“ನಾನಾ? ಅವ್ನ ಕಾಲ್ ಇಡ್ಕಬೇಕಾ?”

“ಇಡ್ಕಳಿ. ಸವ್ದೋಯ್ತೀರಾ?”

ಅಪ್ಪ ಕೈ ತೊಳೆದು ಎದ್ದುಬಿಟ್ಟ. ಒಬ್ಬನೇ ಹೋಗಲು ಧೈರ್ಯವಿಲ್ಲದೆ ನನ್ನನ್ನು ಕಾರಿಗೆ ಹತ್ತಿಸಿಕೊಂಡ. ಚಿನಕುರಳಿಯಲ್ಲಿ ಮಾವ ಬೀದಿ ಬದಿಯಲ್ಲೇ ಕೂತು ನೇಗಿಲಿಗೆ ಮೇಳಿ ಕೆತ್ತುತ್ತಿದ್ದ. ಅಪ್ಪ ಕಬ್ಬಿನ ಮಾತಾಡಿದ, ರಸ್ತೆಯ ಗುಂಡಿಯ ಮಾತಾಡಿದ, ಕೆ.ಆರ್. ಪೇಟೆಯ ಕಡೆ ಯಾರದೋ ಮದುವೆಗೆ ಬಾಡಿಗೆ ಹೋದ ಕತೆ ಪೂರ್ತಿ ಹೇಳಿದ. ಮಾವ ಕೆತ್ತುತ್ತಲೇ ಇದ್ದ. ಅಪ್ಪನ ಬಾಯಲ್ಲಿ ಎಲ್ಲಾ ಬಂತು, ಬಾಗಿಲು ಮಾತ್ರ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಾನೂ ಅವನ ಮಗಳೇ ತಾನೆ.

“ಮಾವ, ಅಕ್ಕಂಗೆ ಎಣ್ಣು ಮೊಗ. ಶೆಡ್ಡಿನ್ ಬಾಗ್ಲು ಸಂದು ಬುಟ್ಟದೆ. ಅದು ಸರಿ ಓಗ್ದಿದ್ರೆ ಅವ್ಳ ಅತ್ತೆ ನಾಗಮಂಗ್ಲಕ್ಕೆ ಕರ್ಕೊಂಡೋಯ್ತಾರಂತೆ. ಅವ್ವ ಸರ್ಯಾಗಿ ಉಣ್ತಾನೇ ಇಲ್ಲ!”

ಮಾವನ ಕೈ ನಿಂತಿತು. ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ.

“ಸಂದು ಏಟದೆ ಕಣಮ್ಮಿ?”

ನಾನು ಬೆರಳು ಸೇರಿಸಿ ತೋರಿಸಿದೆ. ಅವನು ಅಷ್ಟೇ ಕೇಳಿದ್ದು. ಮತ್ತೆ ಕೆತ್ತಲು ಶುರು ಮಾಡಿದ.

ಮಾರನೇ ಬೆಳಿಗ್ಗೆ ಅಪ್ಪ ಬಾಡಿಗೆಗೆ ಹೋದ ಮೇಲೆ ಮಾವ ಎತ್ತಿನ ಗಾಡಿ ಮಾಡಿಕೊಂಡು ಬಂದ. ಅವ್ವನಿಗೆ ಹಿಗ್ಗೋ ಹಿಗ್ಗು. ಕಾಫಿ ಕಾಯಿಸಲು ಓಡಿದಳು. ಆಚೆ ಬಂದು ನೋಡುವಷ್ಟರಲ್ಲಿ ಒಂದು ಕದ ಗಾಡಿಯ ಮೇಲಿತ್ತು, ಇನ್ನೊಂದರ ಕೀಲನ್ನು ಮಾವ ಬಿಚ್ಚುತ್ತಿದ್ದ. ಅಪ್ಪ ತುರುಕಿದ್ದ ರಬ್ಬರೆಲ್ಲಾ ನೆಲದ ಮೇಲೆ ಬಿದ್ದಿತ್ತು.

“ಅಣ್ಣಾ! ಏನ್ ಮಾಡ್ತಾ ಇದ್ದೀಯಾ?”

“ತಕ್ಕೊಂಡೋಯ್ತಿವ್ನಿ.”

“ನಾಳೆ ಮೊಗ ಬತ್ತದೆ ಕಣಣ್ಣ!”

“ಬರ್ಲಿ ಬುಡು.”

ಗಾಡಿ ಹೋಯಿತು. ಅವ್ವ ಕಾಫಿ ಲೋಟ ಹಿಡಿದುಕೊಂಡೇ ನಿಂತಿದ್ದಳು. ಶೆಡ್ಡಿಗೆ ಈಗ ಸಂದೂ ಇಲ್ಲ, ಬಾಗಿಲೂ ಇಲ್ಲ. ಬೀದಿಯ ನಾಯಿ ಒಂದು ಒಳಗೆ ಹೋಗಿ, ಸುತ್ತು ಹಾಕಿ, ಆಚೆ ಬಂತು. ಮಧ್ಯಾಹ್ನ ಅಪ್ಪ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತ.

“ನೋಡ್ದಾ, ನಿಮ್ಮಣ್ಣನ ಬುದ್ಧಿ? ಸೇಡು ತೀರಿಸ್ಕಂಡ! ಇದ್ದುದ್ನೂ ಕಿತ್ಕೊಂಡೋದ!”

ಅವ್ವ ಮನೆಯಲ್ಲಿದ್ದ ಜಮಖಾನ, ಕಂಬಳಿ, ತನ್ನ ಮದುವೆಯ ಸೀರೆ, ಎಲ್ಲವನ್ನೂ ತಂದು ಹಗ್ಗ ಕಟ್ಟಿ ಆ ಬಾಯಿಗೆ ತೂಗು ಹಾಕಿದಳು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಗಾಳಿಗೆ ಎದ್ದು ಹೋಗುವುದು. ಸಂಜೆಯ ಬಸ್ಸಿಗೆ ಬೀಗಿತ್ತಿ ಇಳಿದರು. ಹಾರಾಡುತ್ತಿದ್ದ ಸೀರೆಗಳನ್ನು ನೋಡಿ ದಾರಿಯಲ್ಲೇ ನಿಂತರು. ನಾನು ಅವರು ಬಯ್ಯಲಿ ಅಂತ ಕಾದೆ, ಬೈದಿದ್ದರೆ ಎದುರಾಡಬಹುದಿತ್ತು. ಅವರು ಬಯ್ಯಲಿಲ್ಲ.

“ನಾಳೆ ಕಾರು ನಾಗಮಂಗ್ಲಕ್ಕೇ ಓಗ್ಲಿ ಬೀಗ್ರೇ” ಅಂದರು ಮೆತ್ತಗೆ.

“ಆಗ್ಲಿ” ಅಂದಳು ಅವ್ವ. ಅವಳು ಯಾರಿಗಾದರೂ ಹಾಗೆ ಸೋತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಪ್ಪನ ಮೇಲೂ ಸಿಟ್ಟು, ಮಾವನ ಮೇಲೂ ಸಿಟ್ಟು, ಹುಟ್ಟಿ ಇನ್ನೂ ಕಣ್ಣು ಬಿಡದ ಆ ಕೂಸಿನ ಮೇಲೂ ಸಿಟ್ಟು ಬಂತು.

ಬೆಳಿಗ್ಗೆ ಅಪ್ಪನೂ ಬೀಗಿತ್ತಿಯೂ ಶ್ರೀರಂಗಪಟ್ಟಣಕ್ಕೆ ಹೊರಟರು. ಮಗುವನ್ನು ಕರೆದುಕೊಂಡು ಬಂದು, ಇಲ್ಲಿ ಬರೀ ಸಾಮಾನಿನ ಗಂಟು ಹಾಕಿಕೊಂಡು, ಹಾಗೇ ನಾಗಮಂಗಲಕ್ಕೆ ಹೋಗುವುದೆಂದು ಮಾತಾಗಿತ್ತು. ಅವ್ವ ಗಂಟು ಕಟ್ಟಲು ಕೂತಳು. ಮೆಣಸಿನ ಪುಡಿ, ಬೆಳ್ಳುಳ್ಳಿ, ಬಜೆ, ಮಡಿಚಿದ ಬಟ್ಟೆಗಳು. ಒಂದೊಂದನ್ನೂ ಇಟ್ಟು ಮತ್ತೆ ತೆಗೆದು ಇನ್ನೊಂದು ಕಡೆ ಇಡುತ್ತಿದ್ದಳು. ಆಗ ಬೀದಿಯಲ್ಲಿ ಗಾಡಿಯ ಸದ್ದಾಯಿತು.

ಮಾವ ಇಳಿದು ಯಾರನ್ನೂ ಮಾತಾಡಿಸದೆ ಕೆಲಸ ಶುರು ಮಾಡಿದ. ಅಪ್ಪ ಉಜ್ಜಿದ ಎರಡೂ ಕದಗಳ ಡೊಂಕು ಅಂಚನ್ನು ಒಂದು ಬಾಗಿಲಿನ ಅಗಲದಷ್ಟು ಕತ್ತರಿಸಿ, ಸಂದಿಲ್ಲದೆ ಬೆಸೆದು, ತೆರೆಯಲಾಗದ ಗೋಡೆಯ ಹಾಗೆ ಮಾಡಿ ತಂದಿದ್ದ. ಶೆಡ್ಡಿನ ಬಾಯಿಯ ಮುಕ್ಕಾಲು ಪಾಲು ಅದಕ್ಕೇ ಮುಚ್ಚಿತು. ಉಳಿದ ಜಾಗಕ್ಕೆ ಒಂದು ಬಾಗಿಲುವಾಡ ನಿಲ್ಲಿಸಿದ. ಆಮೇಲೆ ಗಾಡಿಯಲ್ಲಿ ಗೋಣಿತಾಟು ಹೊದಿಸಿ ಮಲಗಿಸಿದ್ದ ಇನ್ನೊಂದು ಬಾಗಿಲನ್ನು, ಗಾಡಿಯವನ ಜೊತೆ ಹೆಗಲು ಕೊಟ್ಟು ಇಳಿಸಿದ. ಗೋಣಿತಾಟು ಜಾರಿ ಬಿತ್ತು. ಕಪ್ಪಗೆ ಮಿರುಗುವ ಹೊನ್ನೆ ಮರ. ಮೇಲೆ ಅರಿಸಿನ ಕುಂಕುಮ ಪದರ ಪದರವಾಗಿ ಹತ್ತಿತ್ತು. ಅವ್ವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

“ಅಣ್ಣಾ… ಇದು ನಮ್ಮಟ್ಟಿ ತಲೆಬಾಗ್ಲಲ್ವಾ?”

“ಊಂ.”

“ಮನೆ ಬಾಗ್ಲು ಕಿತ್ಕೊಂಡ್ ಬಂದ್ಬುಟ್ಯಾ? ಅತ್ಗೆ ಏನಂದ್ರು?”

“ಅವ್ಳೇನಂದಾಳು? ಬಾಗ್ಲು ಜಾಗಕ್ಕೆ ಗೋಣಿತಾಟು ಕಟ್ಕಂಡವ್ಳೆ.” ಮಾವ ಬಾಗಿಲನ್ನು ಕೀಲಿಗೆ ಕೂರಿಸುತ್ತಾ ಇದ್ದ. “ಒಸಾ ಹಲ್ಗೆ ಈಗ ಕೂರ್ಸುದ್ರೆ ವಾರಕ್ಕೇ ಸಂದು ಬುಡ್ತದೆ ಕಣವ್ವ. ಇದು ತಾತನ ಕಾಲದ್ದು. ಒಣ್ಗದೆಲ್ಲಾ ಒಣ್ಗಿ ಮುಗ್ದದೆ. ಇನ್ನ ಅಲ್ಲಾಡಕಿಲ್ಲ. ಕೂಸು ಮೂರ್ ತಿಂಗ್ಳು ಬೆಚ್ಗಿರ್ಲಿ.”

ಅವ್ವ ಹೋಗಿ ಆ ಬಾಗಿಲಿಗೆ ಹಣೆ ಒತ್ತಿ ನಿಂತಳು. ಅವಳು ಗಿರಿಜಕ್ಕನನ್ನು ಹೆತ್ತು, ನನ್ನನ್ನು ಹೆತ್ತು ಮಲಗಿದ್ದು ಆ ಬಾಗಿಲ ಹಿಂದೆಯೇ. ಅತ್ತಳು, ಚೆನ್ನಾಗಿಯೇ ಅತ್ತಳು. ಮಾವ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ, ಮೊಳೆ ಕೊಡು ಅಂತ ನನ್ನ ಕಡೆ ಕೈ ಚಾಚಿದ. ಬಾಗಿಲು ಕೂತ ಮೇಲೆ ಅವಳು ಹಗಲು ಹೊತ್ತಿನಲ್ಲೇ ದೀಪ ಹಚ್ಚಿ ತಂದಳು. ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಹಿಡಿದಳು. ದೀಪ ಎಲ್ಲೂ ಬಗ್ಗಲಿಲ್ಲ.

ಕಾರು ಬಂತು. ಬೀಗಿತ್ತಿ ಗಂಟು ಎತ್ತಿಕೊಳ್ಳಲು ಇಳಿದವರು ಬಾಗಿಲು ನೋಡಿ ನೆಟ್ಟಗೆ ಒಳಗೆ ಹೋದರು. ಒಳಗಿನಿಂದ ಹಾಕಿಕೊಂಡರು. ನಾವೆಲ್ಲಾ ಆಚೆ ನಿಂತಿದ್ದೆವು. ಕಾರಿನಲ್ಲಿ ಮಗು ಒಂದು ಸಣ್ಣ ಸದ್ದು ಮಾಡಿತು, ಗಿರಿಜಕ್ಕ ಅವ್ವನನ್ನೇ ನೋಡುತ್ತಿದ್ದಳು. ಬಾಗಿಲು ತೆರೆಯಿತು. ಬೀಗಿತ್ತಿಯ ಕಣ್ಣು ಒದ್ದೆಯಾಗಿತ್ತು.

“ಕೂಸ್ನ ಇಳ್ಸಿ” ಅಂದರು. “ಯಾಕ್ ಇನ್ನೂ ಗಾಳೀಲಿ ಕೂರ್ಸಿದ್ದೀರಿ?”

ಅವ್ವ ಓಡಿದ ಓಟ ಏನು ಹೇಳಲಿ! ಮಗುವನ್ನು ಎದೆಗೆ ಅವುಚಿಕೊಂಡು ಒಳಗೆ ಹೋದವಳು ಮೂರು ತಿಂಗಳು ಹೊರಗಿನ ಪ್ರಪಂಚವನ್ನು ಸರಿಯಾಗಿ ನೋಡಲೇ ಇಲ್ಲ. ಅಪ್ಪ ಮಾತ್ರ ಕಾರಿನಿಂದ ಇಳಿದವನು ಆ ಬಾಗಿಲ ಮುಂದೆ ನಿಂತೇ ಇದ್ದ. ಮದುವೆಯ ದಿನ ಅದೇ ಬಾಗಿಲಲ್ಲಿ ಅವನ ಕಾಲು ತೊಳೆದು ಒಳಗೆ ಕರೆದುಕೊಂಡಿದ್ದರಂತೆ. ಮಾವ ಸಾಮಾನು ಚೀಲಕ್ಕೆ ತುಂಬಿ ಗಾಡಿ ಹತ್ತಿದ. ಅಪ್ಪನ ಬಾಯಿ ಆಡಿತು, ಸದ್ದು ಬರಲಿಲ್ಲ. ನಮ್ಮಪ್ಪನಿಗೆ ಮಾತು ಸಿಗದೆ ಹೋದದ್ದನ್ನು ನೋಡಿ ನನಗೆ ಹೆದರಿಕೆಯೇ ಆಯಿತು. ಊಟ ಮಾಡಿದವನು ಒಂದು ಕಂಬಳಿ ಮಡಿಚಿಕೊಂಡ. ಕಾರು ನಿಲ್ಲಿಸಲು ಇಲ್ಲಿ ಜಾಗವಿಲ್ಲವಲ್ಲ ಎಂದು ಗೊಣಗಿ ಹೊರಟುಹೋದ.

ಎಲ್ಲಿಗೆ ಹೋದ ಅಂತ ನಮಗೆ ತಿಳಿದದ್ದು ಮಗು ನೋಡಲು ಮಾವನ ಹೆಂಡತಿ, ನಮ್ಮತ್ತೆ, ಬಂದಾಗ. ಚಿನಕುರಳಿಯಲ್ಲಿ ಮಾವನ ಮನೆ ಬೀದಿಗೇ ತೆರೆದುಕೊ‌ಂಡಿತ್ತು. ಅಪ್ಪ ದಿನಾ ಸಂಜೆ ಬಾಡಿಗೆ ಮುಗಿಸಿ ಹೋಗಿ, ಬಾಗಿಲಿಲ್ಲದ ಆ ಬಾಯಿಗೆ ಅಡ್ಡಲಾಗಿ, ಗೋಡೆಗೆ ಒತ್ತಿದಂತೆ ಕಾರು ನಿಲ್ಲಿಸಿ, ಅದರೊಳಗೇ ಮಲಗುತ್ತಿದ್ದನಂತೆ. ಮನೆಯವರು ಆಚೆ ಬರಬೇಕಾದರೆ ಕಾರಿನ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಬೇಕು. ಅತ್ತೆ ಅದನ್ನು ಹೇಳಿ ಹೇಳಿ ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಚಳಿಗೆ ಕಾರು ಬೆಳಿಗ್ಗೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಬೀಡಿಂಗ್ ಇಲ್ಲದ ಬಾಗಿಲಿಂದ ಗಾಳಿ ಬಡಿದು ಅಪ್ಪನಿಗೆ ನೆಗಡಿ ಹಿಡಿದು, ಸಂಕ್ರಾಂತಿ ಕಳೆದರೂ ಬಿಡಲಿಲ್ಲ. ಒಂದು ದಿನ ಮಗು ನೋಡಲು ಬಂದವನನ್ನು, ಸೀನುತ್ತಾನೆ ಎಂದು ಅವ್ವ ಶೆಡ್ಡಿನ ಆಚೆಯೇ ನಿಲ್ಲಿಸಿ ಕೇಳಿದಳು.

“ನಮ್ಮಣ್ಣ ಮಾತಾಡುಸ್ದ್ನಾ?”

“ಇಲ್ಲ.”

“ನೀವು?”

“ಇಲ್ಲ.”

“ಮತ್ತೆ ದಿನಾ ಅಲ್ಲೋಗಿ ಮಲ್ಗಿ ಏನ್ ಬಂದಂಗಾಯ್ತು?”

ಅಪ್ಪ ಮೂಗು ಒರೆಸಿಕೊಂಡ.

“ಮಾತ್ ತಕ್ಕಂಡ್ ಏನ್ ಮಾಡೀಯೆ ಬುಡು” ಅಂದ. “ದಿನಾ ಬೆಳಿಗ್ಗೆ ಎದ್ದು ಕಾರು ತಳ್ತಾನೆ.”